ತೂತಿಲ್ಲದ ಗುಂಡಿ

"ಯಾರಪ್ಪಾ ಈ ಕೆಲಸ ಮಾಡಿರೋದು?"

ಹರಿದ ಬಟ್ಟೆಯ ತೂತನ್ನು ಎಳೆಯಿಂದ ನೇಯ್ದು ಮುಚ್ಚುವ ರಫುಗಾರ ಇದನ್ನು ಕೇಳಿದ್ದು ಯಾರನ್ನೂ ಅಲ್ಲ. ಅಂಗಡಿಯಲ್ಲಿ ಇದ್ದವರು ಅವನೂ ಅವನ ಹೆಂಡತಿಯೂ ಇಬ್ಬರೇ. ಅವಳತ್ತ ಬೆನ್ನು ಮಾಡಿ, ವಕೀಲರ ಕರಿಕೋಟಿನ ತೋಳನ್ನು ಕಿಟಕಿಯ ಬೆಳಕಿಗೆ ಹಿಡಿದು, ಪೊರೆ ತೆಗೆಸಿಕೊಂಡು ಬಂದ ಬಲಗಣ್ಣನ್ನು ಅಗಲಿಸಿ, ಇನ್ನೂ ಪೊರೆ ಕಟ್ಟಿಕೊಂಡೇ ಇದ್ದ ಎಡಗಣ್ಣಿಗೆ ಅಂಗೈ ಅಡ್ಡ ಹಿಡಿದು, ಆ ಬಟ್ಟೆಯನ್ನೇ ವಿಚಾರಿಸುವವನಂತೆ ಕೇಳಿದ. ತೋಳಿನ ಮೇಲೆ, ಮೊಣಕೈಗಿಂತ ಸ್ವಲ್ಪ ಕೆಳಗೆ, ಮಾಗಿದ ಗಾಯದ ಕಲೆಯಂಥ ಒಂದು ಗಂಟುಗಂಟಾದ ಜಾಗ. ಎಳೆಯ ಮೇಲೆ ಎಳೆ ಹತ್ತಿ ಕೂತಿತ್ತು.

ಹೆಂಡತಿ ಕತ್ತೆತ್ತಲಿಲ್ಲ. ಗುಂಡಿ, ಕಾಜ, ಅಂಚಿನ ಮಡಿಕೆ ಇವು ಅವಳ ಪಾಲಿನ ಕೆಲಸ. ಯಾರದೋ ಅಂಗಿಗೆ ಗುಂಡಿ ಹಾಕುತ್ತಿದ್ದವಳು ಬೇಕಿಲ್ಲದಿದ್ದರೂ ದಾರವನ್ನು ಇನ್ನೊಂದು ಸುತ್ತು ಸುತ್ತಿದಳು.

ಅವನು ತೋಳನ್ನು ಒಳಮಗ್ಗುಲಾಗಿ ತಿರುವಿದ. ಎಳೆಯ ಕೊನೆಯನ್ನು ಉಗುರಿನಿಂದ ಮೀಟಿ ನೋಡಿದ. ಅದು ಎಡಕ್ಕೆ ಬಾಗಿ, ಎರಡು ಎಳೆಗಳ ಕೆಳಗೆ ತೂರಿ ಅಡಗಿತ್ತು. ಹಾಗೆ ಅಡಗಿಸುವುದು ಅವನ ತಾಯಿಯ ರೂಢಿ. ತಾಯಿ ತೀರಿಕೊಂಡ ಮೇಲೆ ಆ ಬೀದಿಯಲ್ಲಿ ಹಾಗೆ ಮಾಡುವವನು ಅವನೊಬ್ಬನೇ.

"ಎಡಕ್ಕೆ ಮಡಚಿದೆ," ಎಂದ. ಎಳೆಯನ್ನು ಇನ್ನೊಮ್ಮೆ ಮೀಟಿ, "ನಂದೇ," ಎಂದ.

"ಆ ಕೋಟು ಬಂದಿರೋದು ಜೇಬು ಹರಿದಿದೆ ಅಂತ ರೀ. ತೋಳಿನ ವಿಚಾರ ವಕೀಲರು ಎತ್ತಲೇ ಇಲ್ಲ."

"ಎತ್ತಲಿಲ್ಲ ಅಂದ್ರೆ ಕಂಡಿಲ್ಲ ಅಂತಲ್ಲ. ನಿನಗೆ ಕಂಡಿತ್ತಾ?"

ಅವಳು ಹಲ್ಲಿನಿಂದ ದಾರ ಕಡಿದಳು. ಬಾಯಲ್ಲಿ ದಾರ ಇದ್ದಾಗ ಮಾತಾಡದಿದ್ದರೆ ತಪ್ಪಿಲ್ಲವಲ್ಲ.

ಕಂಡಿತ್ತು. ಈಚೆಗೆ ಎಷ್ಟೋ ದಿನದಿಂದ ಅವನ ಕೈಯಿಂದ ಇಳಿದ ಬಟ್ಟೆಯನ್ನು ಗಿರಾಕಿಗೆ ಕೊಡುವ ಮೊದಲು ಅವಳು ಹಿಂದಿನ ಕೋಣೆಗೆ ಒಯ್ದು, ಎದ್ದ ಎಳೆಗಳನ್ನು ಕತ್ತರಿಸಿ, ಒದ್ದೆ ಬಟ್ಟೆ ಹಾಸಿ ಇಸ್ತ್ರಿ ಒತ್ತಿ, ಉಬ್ಬನ್ನು ಅಡಗಿಸಿ ಕೊಡುತ್ತಿದ್ದಳು. ಅವನಿಗೆ ಹೇಳಲು ಬಾಯಿ ಬಂದಿರಲಿಲ್ಲ. ರಕ್ತದ ಕಾಯಿಲೆ ಒಂದು ಕಡೆ ಮೈ ತಿನ್ನುತ್ತಿದೆ, ಕಣ್ಣೂ ಹೋಯಿತು ಎಂದು ತಾನೇ ಹೇಗೆ ಹೇಳಲಿ ಎಂದುಕೊಂಡು ಸುಮ್ಮನಿದ್ದಳು.

ಆ ರಕ್ತದ ಕಾಯಿಲೆ ಆತುರದ ಕಾಯಿಲೆಯಲ್ಲ. ಲ್ಯುಕೇಮಿಯ ಎಂಬ ಹೆಸರು ಕೇಳಿದ ದಿನ ಗಂಡ ಹೆಂಡತಿ ಇಬ್ಬರೂ ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಸಿದು ಕೂತಿದ್ದರು. ಆಮೇಲೆ ರಕ್ತದ ಡಾಕ್ಟರಮ್ಮ ಬಿಡಿಸಿ ಹೇಳಿದ್ದರು: "ಇದು ನಿಧಾನದ್ದು. ಓಡಿಸೋಕೆ ಆಗಲ್ಲ, ಆದ್ರೆ ಕಟ್ಟಿ ಹಾಕಬಹುದು. ಮಾತ್ರೆ ಅನ್ನೋದು ಹಗ್ಗ ಅಂತ ತಿಳ್ಕೊಳ್ಳಿ. ಹಗ್ಗ ಬಿಡಬಾರದು." ಅಂದಿನಿಂದ ದಿನಕ್ಕೊಂದು ಬಿಳಿ ದುಂಡು ಮಾತ್ರೆ. ಕಟ್ಟಿದ ಹಗ್ಗ ಪ್ರಾಣಿಯನ್ನಷ್ಟೇ ಅಲ್ಲ, ಹಿಡಿದ ಕೈಯನ್ನೂ ಉಜ್ಜುತ್ತದೆ. ಮಾತ್ರೆಯಿಂದ ಬೆರಳುಗಳು ಇದ್ದಕ್ಕಿದ್ದಂತೆ ಸೆಟೆದುಕೊಳ್ಳುತ್ತಿದ್ದವು. ಉಗುರುಗಳು ಸೀಳಿ, ಸೀಳಿದ ಅಂಚು ಉಣ್ಣೆಯ ಎಳೆಗೆ ಸಿಕ್ಕಿ ಎಳೆಯುತ್ತಿತ್ತು. ಸೂಜಿ ಚುಚ್ಚದಂತೆ ತೊಡುವ ಬೆರಳಿನ ಟೋಪಿ ಒತ್ತಿದಷ್ಟು ಜಾಗ ನೇರಳೆ ಬಣ್ಣಕ್ಕೆ ತಿರುಗುತ್ತಿತ್ತು. ಅದರ ಮೇಲೆ ಕಣ್ಣಿಗೂ ಪೊರೆ ಬಂತು.

ಅವನದು ಕಾಣದ ಕೆಲಸ. ಸಿಗರೇಟಿನ ಕಿಡಿ ಬಿದ್ದದ್ದು, ಹುಳ ತಿಂದದ್ದು, ಮೊಳೆಗೆ ಸಿಕ್ಕಿ ಹರಿದದ್ದು ಬರುತ್ತಿತ್ತು. ಅದೇ ಬಟ್ಟೆಯ ಒಳಮಡಿಕೆಯಿಂದ ಎಳೆ ಬಿಡಿಸಿ, ತೂತಿನ ಮೇಲೆ ನೇಯ್ದ ಹಾಗೆಯೇ ನೇಯ್ದು, ಇಲ್ಲಿ ಏನೂ ಆಗೇ ಇರಲಿಲ್ಲ ಎನ್ನುವಂತೆ ಮಾಡಿ ಕೊಡಬೇಕು. "ಕಾಣದ ಕಡೆಯಿಂದ ಕದ್ದು ಕಾಣೋ ಕಡೆಗೆ ಕೊಡೋದು, ಅಷ್ಟೇ," ಎಂದು ಅವನೇ ನಗುತ್ತಿದ್ದ. ಕತ್ತರಿಸಿ ಉಳಿದ ಒಂದು ಗೇಣು ಎಳೆಯನ್ನೂ ಬಿಸಾಡುತ್ತಿರಲಿಲ್ಲ. ಬಣ್ಣಬಣ್ಣದ ತುಂಡು ನೂಲು, ಒಂಟಿ ಗುಂಡಿ, ಮುರಿದ ಕೊಕ್ಕೆ ಎಲ್ಲಕ್ಕೂ ಡಬ್ಬಿಗಳಿದ್ದವು. ಎಸೆಯುವುದು ಎಂಬ ವಿದ್ಯೆ ಅವನ ಕೈಗೆ ಬಂದೇ ಇರಲಿಲ್ಲ.

ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆಯುವ ಮುನ್ನ, ತಾಯಿಯ ಬಾಯಿಂದ ಕಿವಿಗೆ ಬಿದ್ದಿದ್ದ ಪದ್ಯವನ್ನು ಅವನು ಕಣ್ಮುಚ್ಚಿ ಹೇಳುವನು:

ಹರಿದುದನು ಹೊಲಿವವನೆ, ಹೊಲಿಗೆ ತೋರದ ದೊರೆಯೆ,
ಇರುಳ ಹಗಲಿಗೆ ಸೇರಿಸಿದ ಗಂಟದೆಲ್ಲಿ?

ಎರಡನೆಯ ಸಾಲು ಮುಗಿಯುತ್ತಿದ್ದಂತೆ, ಕಣ್ಣು ತೆರೆಯದೆಯೇ ಅಂಗೈ ಚಾಚುವನು. ಹೆಂಡತಿ ಅದರಲ್ಲಿ ಮಾತ್ರೆ ಇಡುವಳು. ಕಾಯಿಲೆ ಬಂದಾಗಿನಿಂದ ಇದೂ ಪದ್ಯದ್ದೇ ಮೂರನೆಯ ಸಾಲೆಂಬಂತೆ ಅಂಟಿಕೊಂಡುಬಿಟ್ಟಿತ್ತು.

ಪೊರೆ ತೆಗೆಯುವ ಮಾತು ಬಂದಾಗ ಕಣ್ಣಿನ ಡಾಕ್ಟರು, ಮೀಸೆ ಈಗಷ್ಟೇ ಗಟ್ಟಿಯಾಗುತ್ತಿದ್ದ ಹುಡುಗ, ಮಾತ್ರೆಯ ಹೆಸರು ಕೇಳಿ ಹುಬ್ಬು ಗಂಟು ಹಾಕಿದ್ದ. ಅದು ರಕ್ತ ಹೆಪ್ಪುಗಟ್ಟಲು ಬಿಡುವುದಿಲ್ಲ, ಕಣ್ಣೊಳಗೆ ರಕ್ತ ಇಳಿದರೆ ಕಷ್ಟ, ಇವರಿಗೆ ಸೋಂಕು ತಗುಲಿದರೆ ಇನ್ನೂ ಕಷ್ಟ, ಮಾತ್ರೆ ಬರೆದವರನ್ನು ಕೇಳಿಕೊಂಡು ಬನ್ನಿ ಎಂದ. ರಕ್ತದ ಡಾಕ್ಟರಮ್ಮ ಯೋಚಿಸಿ ಒಪ್ಪಿದರು. "ಮುಂಚೆ ಕೆಲವು ದಿನ, ಆಮೇಲೆ ಕೆಲವು ದಿನ ನಿಲ್ಲಿಸಿ. ಗಾಯ ಮಾಗಿದೆ ಅಂತ ಕಣ್ಣಿನ ಡಾಕ್ಟರು ಅಂದ ಮರುದಿನವೇ ಶುರು ಮಾಡಬೇಕು. ಅಮ್ಮಾ, ಇದು ನಿಮ್ಮ ಜವಾಬ್ದಾರಿ," ಎಂದು ಅವಳ ಮುಖ ನೋಡಿಯೇ ಹೇಳಿದ್ದರು.

ಕಣ್ಣಿನ ಕೆಲಸ ಸಲೀಸಾಗಿ ಆಯಿತು. ಹೊರಬಂದವನು ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡೇ ಬಾಯಿ ತುಂಬ ವರ್ಣಿಸಿದ್ದ. "ಮುಖದ ಮೇಲೆ ಬಟ್ಟೆ ಹೊದಿಸಿ ಕಣ್ಣಿಗೊಂದು ಕಿಂಡಿ ಬಿಟ್ಟಿದ್ರು ಕಣೇ. ನೋವಿಲ್ಲ. ನೀರೊಳಗಿಂದ ದೀಪ ನೋಡಿದ ಹಾಗೆ. ಆ ದೀಪ ಒಡೀತು, ಕೆಂಪಾಯ್ತು, ನೀಲಿಯಾಯ್ತು. ಭಯಕ್ಕೆ ಪದ್ಯ ಹೇಳೋಕೆ ಶುರು ಮಾಡ್ದೆ. ಆ ಹುಡುಗ ಏನಂದ ಗೊತ್ತಾ? 'ಹೇಳಿ ಪರವಾಗಿಲ್ಲ ಯಜಮಾನ್ರೇ, ತಲೆ ಮಾತ್ರ ತೂಗಬೇಡಿ' ಅಂದ!"

ಆಮೇಲೆ ಹನಿಗಳ ಕಾಟ ಶುರುವಾಯಿತು. ಬೆಳಿಗ್ಗೆ ಒಂದು ಬಾಟಲಿ, ಸ್ವಲ್ಪ ಬಿಟ್ಟು ಇನ್ನೊಂದು, ಮತ್ತೆ ಮಧ್ಯಾಹ್ನ, ಮತ್ತೆ ಸಂಜೆ. ಸೋಂಕಿನ ಭಯಕ್ಕೆ ಅವಳು ಕೈ ಉಜ್ಜಿ ಉಜ್ಜಿ ತೊಳೆದು ಬೆರಳ ಸಂದಿಯ ಚರ್ಮ ಬಿರಿದಿತ್ತು. ಮಾತ್ರೆ ಮತ್ತೆ ಶುರು ಮಾಡಬೇಕಾದ ದಿನ ಅವನೇ ಹೇಳಿದ: "ನೀನು ಹನಿ ನೋಡ್ಕೋ. ಮಾತ್ರೆ ನಾನು ನೋಡ್ಕೋತೀನಿ. ಈಗ ಅಕ್ಷರ ಕಾಣ್ಸುತ್ತಲ್ಲ, ಇನ್ನೂ ಎಷ್ಟು ದಿನ ಮಗು ಥರ ಕೈ ಚಾಚ್ಲಿ?" ಅವಳಿಗೆ ಅದು ಸರಿಯೆನಿಸಿತು. ಒಂದು ಹೊರೆ ಇಳಿಯಿತು ಎಂದೂ ಅನಿಸಿತು. ಮಾತ್ರೆಯ ಪಟ್ಟಿಯನ್ನು ಅವನ ಕೈಗೆ ಕೊಟ್ಟುಬಿಟ್ಟಳು.

ಕರಿಕೋಟು ಕಂಡದ್ದು ಆ ವಾರದಲ್ಲಿಯೇ.

ಅಂದು ಅವನು ಆ ತೋಳಿನ ಗಂಟನ್ನು ಎಳೆಎಳೆಯಾಗಿ ಬಿಚ್ಚಿದ. ಮರುದಿನದಿಂದ ದಾರಿಹೋಕರನ್ನೆಲ್ಲ ನಿಲ್ಲಿಸಿ ಕೇಳತೊಡಗಿದ. "ಮೇಷ್ಟ್ರೇ, ಆ ಬೂದಿ ಸ್ವೆಟರು ನಾನು ರಫು ಮಾಡಿಕೊಟ್ಟಿದ್ದಲ್ವಾ, ತಂದುಕೊಡಿ." "ನರ್ಸಮ್ಮಾ, ನಿಮ್ಮ ಶಾಲು ಒಂದ್ಸಲ ತೋರ್ಸಿ." ಒಬ್ಬೊಬ್ಬರಾಗಿ ತಂದುಕೊಟ್ಟರು. ಮೇಜಿನ ಮೇಲೆ ಅವನ ಕುರುಡು ದಿನಗಳೆಲ್ಲ ಗುಡ್ಡೆಯಾಗಿ ಬಿದ್ದವು.

ಪಕ್ಕದ ಇಸ್ತ್ರಿ ಅಂಗಡಿಯವನು ಬಾಗಿಲಿಗೆ ಒರಗಿ ಕೀಟಲೆ ಮಾಡಿದ. "ಏನ್ ದೊರೆ, ಹೊಸ ಕಣ್ಣಲ್ಲಿ ನಾನು ಹೇಗೆ ಕಾಣ್ತೀನಿ?"

"ಮೊದಲೇ ಚೆನ್ನಾಗಿದ್ದೆ ಕಣೋ. ಮಂಜಿತ್ತು."

ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಅವನು ಹೀಗೆ ತಮಾಷೆ ಮಾಡಿ ಎಷ್ಟು ಕಾಲವಾಗಿತ್ತು! ಕೈ ಸೆಟೆದುಕೊಳ್ಳುತ್ತಿರಲಿಲ್ಲ. ಉಗುರು ನಯವಾಗಿ ಬೆಳೆದು ಬಂದಿತ್ತು. ಸೂಜಿ ಬಟ್ಟೆಯೊಳಗೆ ಹೋಗಿ ಬರುವ ಸದ್ದೂ ಇಲ್ಲದ ಹಾಗೆ ಅವನು ದಿನವೆಲ್ಲ ಕೂತು ನೇಯುತ್ತಿದ್ದ. ನಡುವೆ ಪದ್ಯ ಗುನುಗುತ್ತಿದ್ದ. ಅವಳು ಕಾಜ ಹೊಲಿಯುತ್ತ ಆ ದನಿಗೆ ಕಿವಿಗೊಟ್ಟು ಕೂರುತ್ತಿದ್ದಳು. ಹೊಸ ಕಣ್ಣು ಗಂಡನನ್ನೇ ಹೊಸದು ಮಾಡಿಕೊಟ್ಟಿತು ಎಂದು ಮನಸ್ಸಿನಲ್ಲೇ ಕೈ ಮುಗಿಯುತ್ತಿದ್ದಳು.

ಕಣ್ಣಿನ ಪೊರೆ ತೆಗೆದರೆ ಬೆರಳಿನ ಸೆಟೆತ ಏಕೆ ಹೋಗಬೇಕು? ಈ ಪ್ರಶ್ನೆ ಅವಳ ಹತ್ತಿರ ಬಂದು ನಿಂತಿತ್ತು. ಒಳಗೆ ಬಾ ಎಂದು ಅವಳು ಕರೆದಿರಲಿಲ್ಲ. ಬೆಳಿಗ್ಗೆ ಎದ್ದಾಗ ಅವನ ದಿಂಬು ಒದ್ದೆಯಾಗಿರುವುದನ್ನು ಕಂಡಳು. ಸೆಕೆ ಜಾಸ್ತಿ ಎಂದುಕೊಂಡು ದಿಂಬಿನ ಚೀಲವನ್ನು ಒಗೆದು ಬಿಸಿಲಿಗೆ ಹಾಕಿದಳು. ಮಧ್ಯಾಹ್ನ ತಟ್ಟೆಯಲ್ಲಿ ಅರ್ಧ ಉಳಿಸಿ ಎದ್ದಾಗ, ಕೆಲಸದ ಹುರುಪು, ಹಸಿವು ಮರೆತಿದೆ ಎಂದಳು. ಮಾತ್ರೆಯ ಪಟ್ಟಿ ಪ್ರತಿದಿನ ಒಂದೊಂದು ಗುಳಿ ಬರಿದಾಗುತ್ತಲೇ ಇತ್ತು. ಅದನ್ನು ನೋಡಿಯೇ ಸಮಾಧಾನಪಟ್ಟುಕೊಳ್ಳುತ್ತಿದ್ದಳು.

ಎಡಗಣ್ಣಿನ ಸರದಿ ಹತ್ತಿರ ಬಂತು. ಅದಕ್ಕೆ ಮೊದಲು ರಕ್ತದ ಪರೀಕ್ಷೆ ಆಗಬೇಕು, ಡಾಕ್ಟರಮ್ಮನನ್ನು ಕಾಣಬೇಕು. ಹಿಂದಿನ ದಿನ ಮಧ್ಯಾಹ್ನ, ನಾಳೆ ಹಾಕಿಕೊಳ್ಳಲೆಂದು ತೆಗೆದಿಟ್ಟ ಬಿಳಿ ಅಂಗಿಯನ್ನು ತೊಟ್ಟು ನೋಡಿದ ಅವನು ಅಂಗಡಿಯ ಹಿಂದಿನ ಕೋಣೆಯಿಂದ ಕೂಗಿದ: "ಏನೇ, ಕತ್ತಿನ ಗುಂಡಿ ಹಾಕೋಕಾಗ್ತಿಲ್ಲ. ಒಗೆದು ಒಗೆದು ಕುಗ್ಗಿಸಿಬಿಟ್ಟಿದ್ದೀಯ ನೋಡು."

"ನಾನು ಕುಗ್ಗಿಸಿದ್ನಾ, ನೀವು ಉಬ್ಬಿದ್ರಾ?" ಎನ್ನುತ್ತಲೇ ಅವಳು ಬಂದಳು. ಎಳೆದು ಹಾಕಲು ನೋಡಿದಾಗ ಗುಂಡಿ ಎರಡಾಗಿ ಸೀಳಿತು. "ಬಿಚ್ಚಿಕೊಡಿ. ಒಂದು ಬೆರಳಷ್ಟು ಸರಿಸಿ ಹೊಸದು ಹಾಕ್ತೀನಿ."

ಅಂಗಿ ಹಿಡಿದು ಮೇಜಿಗೆ ಬಂದಳು. ಅವಳ ಬಿಳಿ ಗುಂಡಿಗಳ ಡಬ್ಬಿಯಲ್ಲಿ ಆ ಅಳತೆಯದು ಮುಗಿದಿತ್ತು. ಅವನ ಕಡೆಯ ಕಪಾಟಿನಲ್ಲಿ ಒಂಟಿ ಗುಂಡಿಗಳ ಹಳೆಯ ಡಬ್ಬಿ ಇತ್ತು. ಅದಕ್ಕೆ ಕೈ ಹಾಕಿ, ಕಣ್ಣು ಅಂಗಿಯ ಮೇಲಿಟ್ಟುಕೊಂಡೇ, ಬೆರಳಿನಿಂದ ಅಳತೆ ಹುಡುಕಿದಳು. ಸರಿಯಾದದ್ದು ಸಿಕ್ಕಿತು. ಎಡಗೈಯಲ್ಲಿ ಅದನ್ನು ಅಂಗಿಯ ಮೇಲೆ ಒತ್ತಿ ಹಿಡಿದು ಸೂಜಿಯನ್ನು ಕೆಳಗಿನಿಂದ ತಂದಳು. ಸೂಜಿ ಮೇಲೆ ಬರಲಿಲ್ಲ. ಸ್ವಲ್ಪ ಸರಿಸಿದಳು. ಆಗಲೂ ಬರಲಿಲ್ಲ. ತೂತು ಎಲ್ಲಿದೆ ಎಂದು ಬಗ್ಗಿ ನೋಡಿದಳು.

ತೂತಿರಲಿಲ್ಲ. ಸೂಜಿಯ ಮೊನೆಗೆ ಬಿಳಿ ಹಿಟ್ಟು ಹತ್ತಿತ್ತು.

ಡಬ್ಬಿಯನ್ನು ಮೇಜಿನ ಮೇಲೆ ಸುರಿದಳು. ಕಪ್ಪು, ಕಂದು, ಕೊಂಬಿನ ಗುಂಡಿ, ಹಿತ್ತಾಳೆ ಗುಂಡಿಗಳ ನಡುವೆ ಬಿಳಿ ದುಂಡು ಮಾತ್ರೆಗಳು ಚೆಲ್ಲಾಡಿದವು. ಎಣಿಸುವ ಧೈರ್ಯ ಬರಲಿಲ್ಲ. ಕೈ ತಾನಾಗಿ ಅಂಗಿಯ ಕೊರಳಪಟ್ಟಿಗೆ ಹೋಯಿತು. ಒಂದು ಬೆರಳಷ್ಟು. ಬಟ್ಟೆ ಕುಗ್ಗಿರಲಿಲ್ಲ. ಕಾಯಿಲೆ ಗೊತ್ತಾದ ಹೊಸದರಲ್ಲಿ ಡಾಕ್ಟರಮ್ಮ ಅವನ ಕತ್ತಿನ ಎರಡೂ ಬದಿ ಒತ್ತಿ, "ಈ ಗಡ್ಡೆಗಳು ದೊಡ್ಡದಾದ್ರೆ ತಕ್ಷಣ ಬನ್ನಿ," ಎಂದಿದ್ದರು. ಆ ಕೊರಳಿಗೆ ತಾನು ಈಗ ಗುಂಡಿ ಸರಿಸಿ ಜಾಗ ಮಾಡಿಕೊಡಲು ಹೊರಟಿದ್ದಳು.

"ರೀ."

ಅವನು ಬನಿಯನ್ನಿನಲ್ಲೇ ಬಂದ. ಮೇಜನ್ನು ನೋಡಿದ. ಬಲಗಣ್ಣಿಗೆ ಎಲ್ಲವೂ ಸ್ಪಷ್ಟವಾಗಿಯೇ ಕಂಡಿರಬೇಕು. ಹೋಗಿ ತನ್ನ ಜಾಗದಲ್ಲಿ ಕೂತ.

"ಬಿಸಾಡೋಕೆ ಮನಸ್ಸು ಬರ್ಲಿಲ್ಲ," ಎಂದ.

"ಬಿಸಾಡೋಕೆ ಮನಸ್ಸು ಬರ್ಲಿಲ್ವಾ? ನುಂಗೋಕೆ ಬರ್ಲಿಲ್ಲ ಅನ್ನಿ! ನಾನು ಇಲ್ಲಿ ಕಣ್ಣಿಗೆ ಹನಿ ಬಿಡ್ತಾ, ಕೈ ತೊಳೀತಾ, ದೇವರಿಗೆ ಹರಸಿಕೊಳ್ತಾ ಕೂತಿದ್ರೆ, ನೀವು ಪ್ರಾಣಾನ ತಂದು ಗುಂಡಿ ಡಬ್ಬಿಗೆ ಹಾಕ್ತಿದ್ರಾ?"

"ಕೂಗ್ಬೇಡ ಕಣೇ. ಪಕ್ಕದವನಿಗೆ ಕೇಳ್ಸುತ್ತೆ."

"ಕೇಳ್ಲಿ. ಬಂದು ಇಸ್ತ್ರಿ ಹೊಡೀಲಿ ನನ್ನ ಹಣೆಬರಹಕ್ಕೆ."

ಅವನು ಎರಡೂ ಕೈಗಳನ್ನು ಬೆಳಕಿಗೆ ಚಾಚಿ, ತಿರುವಿ ತೋರಿಸಿದ. "ನೋಡು. ನಿಲ್ಲಿಸಿದ ದಿನಗಳಲ್ಲಿ ಬೆರಳು ಬಿಟ್ಟುಕೊಂಡವು. ಉಗುರು ಬಂತು. ಕಣ್ಣಿದ್ದಾಗ ಕೈ ಇರ್ಲಿಲ್ಲ, ಕೈಗಾಗಿ ಕಾಯ್ತಾ ಕಣ್ಣು ಹೋಯ್ತು. ಎರಡೂ ಒಟ್ಟಿಗೆ ಸಿಕ್ಕಿದ್ದು ಈಗ. ಮತ್ತೆ ನುಂಗಿದ್ರೆ ಕೈ ಹೋಗುತ್ತೆ. ಮೊದಲನೇ ದಿನ ಅಂಗೈಯಲ್ಲಿ ಇಟ್ಕೊಂಡು ಕೂತೆ. ಈ ಕೋಟು ಎದುರಿಗಿತ್ತು. ಇದೊಂದು ಮುಗೀಲಿ ಅಂದ್ಕೊಂಡೆ. ಆಮೇಲೆ ಸ್ವೆಟರು ಬಂತು."

"ಆಮೇಲೆ ಶಾಲು ಬಂತು. ಗೊತ್ತಾಯ್ತು."

"ನಿನಗೆ ಗೊತ್ತಾಗಲ್ಲ. ನಾನು ಹೋದ ಮೇಲೂ ಆ ಗಂಟುಗಳು ಜನರ ಹೆಗಲ ಮೇಲೆ ಓಡಾಡ್ತವೆ. ಎಡಕ್ಕೆ ಮಡಚಿದ ಗಂಟು, ನಮ್ಮಮ್ಮನ ಗುರುತಿನ ಗಂಟು. ದಿನಾ ಬೆಳಿಗ್ಗೆ ಹೊಲಿಗೆ ತೋರದ ದೊರೆ ಅಂತ ಹೇಳಿ ಆಮೇಲೆ ಇಂಥ ಕೆಲಸ ಮಾಡಿದ್ರೆ, ಬಾಯಲ್ಲಿ ಹೇಳಿದ್ದಕ್ಕೆ ಏನರ್ಥ ಇದೆ ಹೇಳು?"

ಎದುರಿಗೆ ಕೊಕ್ಕೆಯಲ್ಲಿ ವಕೀಲರ ಕರಿಕೋಟು ತೂಗುತ್ತಿತ್ತು. ಎದ್ದು ಹೋಗಿ ಅದರ ತೋಳಿನ ಮೇಲೆ ಬೆರಳಾಡಿಸಿದಳು. ಗಾಯ ಎಲ್ಲಿತ್ತೆಂದು ಬೆರಳಿಗೂ ಗೊತ್ತಾಗಲಿಲ್ಲ. ಅಷ್ಟು ಚೆನ್ನಾಗಿತ್ತು. ಅಂಥದನ್ನು ಅವಳು ಮದುವೆಯಾಗಿ ಬಂದ ಹೊಸದರಲ್ಲಿ ನೋಡಿದ್ದಳು. ಆಮೇಲೆ ಬಟ್ಟೆಯನ್ನು ಒಳಮಗ್ಗುಲಾಗಿ ತಿರುವಿ ಅಂಚಿನ ಮಡಿಕೆ ಬಿಡಿಸಿದಳು. ಎರಡನೆಯ ಸಲ ಎಳೆ ತೆಗೆದ ಕಡೆ ಮಡಿಕೆಯ ಬಟ್ಟೆ ತೆಳ್ಳಗಾಗಿ, ಬಲೆಯ ಹಾಗೆ ಬೆಳಕು ಬಿಡುತ್ತಿತ್ತು.

"ಇನ್ನೊಂದ್ಸಲ ಹರಿದ್ರೆ ಇಲ್ಲಿಂದ ತೆಗೆಯೋಕೆ ಏನಿದೆ ರೀ?"



ಅವಳು ಹತ್ತಿರ ಬಂದು, ಕೇಳದೆಯೇ, ಅವನ ಕತ್ತಿನ ಎರಡೂ ಬದಿಗೆ ಬೆರಳು ಇಟ್ಟಳು. ಚರ್ಮದ ಕೆಳಗೆ ಒಂದರ ಪಕ್ಕ ಒಂದು, ಡಬ್ಬಿಯೊಳಗಿನ ಗುಂಡಿಗಳ ಹಾಗೆ, ದುಂಡಗೆ, ಗಟ್ಟಿಯಾಗಿ ಸಿಕ್ಕವು. ಅವನು ತಲೆ ಹಿಂದೆ ಎಳೆದುಕೊಳ್ಳಲಿಲ್ಲ. ಅವನಿಗೂ ಗೊತ್ತಿತ್ತು ಎಂದು ಅದರಿಂದ ಅವಳಿಗೆ ತಿಳಿಯಿತು. ಒದ್ದೆ ದಿಂಬನ್ನು ತಾನು ಬಿಸಿಲಿಗೆ ಹಾಕಿದ್ದು ನೆನಪಾಯಿತು. ಮುಚ್ಚಿಟ್ಟವನು ಅವನೊಬ್ಬನೇ ಅಲ್ಲ. ಅವನ ಹಾಡು ನಿಲ್ಲದಿರಲಿ ಎಂದು ಅವಳೂ ಎಷ್ಟೋ ದಿನ ಉಬ್ಬಿನ ಮೇಲೆ ಇಸ್ತ್ರಿ ಒತ್ತುತ್ತಲೇ ಬಂದಿದ್ದಳು.

"ನಾಳೆ ರಕ್ತ ತೆಗೀತಾರೆ," ಎಂದಳು.

"ತೆಗೀಲಿ. ಬಿಳಿ ಕಣದ ಲೆಕ್ಕ ಏರಿದೆ ಅಂತ ಬರುತ್ತೆ. ಕಣ್ಣಿನ ಕೆಲಸಕ್ಕೆ ಅಂತ ಮಧ್ಯದಲ್ಲಿ ನಿಲ್ಲಿಸಿದ್ರಲ್ಲ, ಅದಕ್ಕೇ ಏರಿರಬೇಕು ಅಂತ ಅವರೇ ಅಂದ್ಕೋತಾರೆ. ಮಾತ್ರೆ ಸರಿಯಾಗಿ ತಗೋತಿದ್ದಾರಾ ಅಂತ ನಿನ್ನ ಕೇಳ್ತಾರೆ. ನನ್ನ ಕೇಳಲ್ಲ, ನಿನ್ನೇ ಕೇಳ್ತಾರೆ." ಅವನು ಅವಳ ಕೈಯನ್ನು ತನ್ನ ಕತ್ತಿನಿಂದ ಬಿಡಿಸಿ ಎರಡೂ ಅಂಗೈಗಳ ನಡುವೆ ಹಿಡಿದುಕೊಂಡ. "ಹೌದು ಅಂದುಬಿಡು. ಸುಮ್ಮನೆ ತಲೆ ಆಡಿಸಿದ್ರೂ ಸಾಕು. ಗೊತ್ತಾದ್ರೆ ಎಡಗಣ್ಣು ಮಾಡೋಕೆ ಬಿಡಲ್ಲ ಅವರು, ಮುಂದಕ್ಕೆ ಹಾಕ್ತಾರೆ. ಈ ಕಣ್ಣೊಂದರಲ್ಲೇ ನಾನು ಎಷ್ಟು ಅಂತ ಮುಗಿಸ್ಲಿ? ಮೇಜಿನ ಮೇಲಿರೋದು ಮುಗಿದ ದಿನ ಪಟ್ಟಿ ನಿನ್ನ ಕೈಗೆ ಕೊಡ್ತೀನಿ. ಪದ್ಯದ ಮೇಲಾಣೆ. ನಿನ್ನನ್ನ ಇಷ್ಟು ವರ್ಷದಲ್ಲಿ ನಾನು ಏನಾದ್ರೂ ಕೇಳಿದ್ದೀನಾ?"

ಕೇಳಿರಲಿಲ್ಲ. ಆ ಮಾತು ನಿಜ. ಅವನ ಬೆರಳುಗಳು ಬೆಚ್ಚಗಿದ್ದವು, ಸಡಿಲವಾಗಿದ್ದವು, ಮದುವೆಯ ಹೊಸದರಲ್ಲಿ ಅವಳಿಗೆ ಸೂಜಿ ಹಿಡಿಯುವುದನ್ನು ಹೇಳಿಕೊಟ್ಟ ಬೆರಳುಗಳಂತೆಯೇ ಇದ್ದವು. ಹೌದು ಎನ್ನಲು ನಾಲಿಗೆಯ ತುದಿಯವರೆಗೂ ಬಂತು. ಮೇಜಿನ ಮೇಲೆ ಗುಂಡಿಗಳು, ಮಾತ್ರೆಗಳು ಬೆರೆತು ಬಿದ್ದಿದ್ದವು. ಪಕ್ಕದಲ್ಲಿ ಬಿಳಿ ಅಂಗಿ ಕೊರಳು ತೆರೆದುಕೊಂಡು ಮಲಗಿತ್ತು.

ಅವಳು ಕೈ ಬಿಡಿಸಿಕೊಂಡಳು. ಮಾತ್ರೆಗಳನ್ನು ಒಂದೊಂದಾಗಿ ಆರಿಸಿ, ಸೂಜಿ ಚುಚ್ಚಿದ್ದನ್ನೂ ಸೇರಿಸಿ, ಸೆರಗಿನ ತುದಿಗೆ ಹಾಕಿ ಗಂಟು ಬಿಗಿದಳು. ಕೊರಳ ಗುಂಡಿಯಿಲ್ಲದ ಅಂಗಿಯನ್ನು ಹಾಗೆಯೇ ಮಡಚಿ ಅವನ ತೊಡೆಯ ಮೇಲಿಟ್ಟಳು.

"ಗುಂಡಿ ಹಾಕಲ್ವಾ?" ಎಂದ ಅವನು ಸಣ್ಣ ದನಿಯಲ್ಲಿ.

"ಹಾಕಲ್ಲ. ಕತ್ತು ತೆರೆದುಕೊಂಡೇ ಬನ್ನಿ ನಾಳೆ, ಡಾಕ್ಟರಮ್ಮನಿಗೆ ಕಾಣ್ಲಿ. ತಲೇನೂ ಆಡ್ಸಲ್ಲ. ಈ ಗಂಟನ್ನ ಅವರ ಮೇಜಿನ ಮೇಲೇ ಬಿಚ್ತೀನಿ. ನೀವು ಕಾಲು ಹಿಡಿದ್ರೂ ಅಷ್ಟೇ, ಆಗಲ್ಲ."